ಏರೋಬಾರ್ ಹಾಕಿದ್ಮೇಲೆ ಮೈಯೆಲ್ಲ ನೋವು: ಹ್ಯಾಂಡಲ್ ಬಿಡಿ, ಮೊದಲು ಸೀಟು ನೋಡಿ

ಪ್ರಶ್ನೆ: ನಾನು ಹುಬ್ಬಳ್ಳಿಯಾಕಿ ರೀ, ವಯಸ್ಸು 38, ಎತ್ತರ 5 ಅಡಿ 3 ಇಂಚು. ಗೋವಾ 70.3ಕ್ಕ, ಅಂದ್ರ ಈಜು, ಸೈಕಲ್, ಓಟ ಮೂರೂ ಇರೂ ಹಾಫ್ ಐರನ್ಮ್ಯಾನ್ ಟ್ರಯತ್ಲಾನ್ ರೇಸಿಗೆ ಹೆಸರು ಹಚ್ಚೀನಿ, ಇನ್ನ ಮೂರು ತಿಂಗಳ ಐತಿ. ನನ್ನ ಕಡೆ ಹಳೇ ರೋಡ್ ಬೈಕ್ ಐತಿ, ಕ್ರ್ಯಾಂಕ್ (ಪೆಡಲ್ ಕೂಡಿಸಿರೂ ತೋಳು) 170 ಮಿ.ಮೀ. ಹೋದ ತಿಂಗಳ ಅದಕ್ಕ ಕ್ಲಿಪ್-ಆನ್ ಏರೋಬಾರ್ (ಮೊಣಕೈ ಊರಿ ಮುಂದ ಬಾಗಿ ಮಲಗೂ ಹಿಡಿ) ಹಾಕಿಸಿದೆ. ಅಂಗಡ್ಯಾವ್ರು ಹ್ಯಾಂಡಲ್ ಕೆಳಗಿನ ಸ್ಪೇಸರ್ ಎಲ್ಲಾ ತೆಗದು ತಗ್ಗಿಸಿ ಕೊಟ್ರು, ಸೀಟು ಮಾತ್ರ ಕಾಲು ನೆಲಕ್ಕ ತಾಗೂ ಹಂಗ ಇಟ್ಟಾರ. ಏರೋಬಾರ್ ಮ್ಯಾಲ ಐದು ನಿಮಿಷ ಇರಾಕ ಆಗವಲ್ದು. ಮುಂದಿನ ಭಾಗ ಜೋಮು ಹಿಡಿತೈತಿ, ಕುತ್ತಿಗಿ ಹಿಡ್ಕೊಂತೈತಿ, ಮೊಣಕಾಲ ಚಿಪ್ಪಿನ ಮುಂದ ನೋವು, ಸೈಕಲ್ ಇಳದು ಓಡಾಕ ಹ್ವಾದ್ರ ಮೊದಲ ಮೂರು ಕಿ.ಮೀ. ಕಾಲು ಕಟಗಿ ಆದಂಗ. ಅಳತಿ ತೊಗೊಂಡೀನಿ: ಒಳಗಾಲು (ತೊಡಿಸಂದಿಂದ ನೆಲದ ತನಕ) 74 ಸೆಂ.ಮೀ., ಪೆಡಲ್ ತಿರುಗೂ ನಡುವಿಂದ ಸೀಟಿನ ಎತ್ತರ 61 ಸೆಂ.ಮೀ. ಟ್ರಯತ್ಲಾನ್ ಬೈಕೇ ತೊಗೋಬೇಕೇನು, ಇದನ್ನ ಸರಿ ಮಾಡಬಹುದೇನು?

ಉತ್ತರ: ಹೊಸ ಬೈಕ್ ಈಗ ಬೇಡ ಮೇಡಂ, ದುಡ್ಡು ಒಳಗಿಡಿ. ನೀವು ಬರೆದಿರೋ ಅಷ್ಟೂ ನೋವಿನ ಹಿಂದೆ ಇರೋದು ಒಂದೇ ತಪ್ಪು, ಅದು ನಿಮ್ಮ ಬೈಕಲ್ಲಿ ಮಾತ್ರ ಅಲ್ಲ, ನನ್ನ ಹತ್ರ ಫಿಟ್‌ಗೆ (ಮೈಗೆ ತಕ್ಕಂತೆ ಬೈಕ್ ಹೊಂದಿಸೋಕೆ) ಬರೋ ಹತ್ತು ಹೊಸಬರಲ್ಲಿ ಏಳೆಂಟು ಜನರ ಬೈಕಲ್ಲಿ ನೋಡ್ತೀನಿ. 2024ರಲ್ಲಿ ಬೆಂಗಳೂರು ದಕ್ಷಿಣದ ಸಂಸದ ತೇಜಸ್ವಿ ಸೂರ್ಯ ಗೋವಾ ರೇಸ್ ಮುಗಿಸಿದ್ಮೇಲಂತೂ ಈ ಥರ ಫೋನು ಜಾಸ್ತಿ ಆಗಿದೆ, ಎಲ್ರೂ ಇರೋ ರೋಡ್ ಬೈಕಿಗೆ ಏರೋಬಾರ್ ಸಿಕ್ಕಿಸ್ತಾರೆ, ಹ್ಯಾಂಡಲ್ ಎಷ್ಟು ತಗ್ಗತ್ತೋ ಅಷ್ಟು ತಗ್ಗಿಸ್ತಾರೆ, ಸೀಟನ್ನ ಮಾತ್ರ ಮುಟ್ಟಲ್ಲ.

ಇದು ಯಾಕೆ ಕೆಲಸ ಮಾಡಲ್ಲ ಅಂದ್ರೆ, ಮಾಮೂಲಿ ರೋಡ್ ಬೈಕಲ್ಲಿ ಸೀಟು ಪೆಡಲ್‌ಗಿಂತ ಸಾಕಷ್ಟು ಹಿಂದೆ ಇರತ್ತೆ, ಸೀಟ್ ಟ್ಯೂಬಿನ (ಪೆಡಲ್ ನಡುವಿಂದ ಸೀಟಿನ ಕಡೆ ಹೋಗೋ ಕೊಳವೆ) ಕೋನ ನೆಲಕ್ಕೆ ಸುಮಾರು 73 ಡಿಗ್ರಿ. ಅದರ ಮೇಲೆ ಕೂತು ಕೈ ಹ್ಯಾಂಡಲ್ ಮೇಲಿಟ್ಟು ಬೆನ್ನು ಅರ್ಧ ಬಗ್ಗಿಸಿದ್ರೆ ಸರಿ. ಆದ್ರೆ ಅದೇ ಜಾಗದಲ್ಲಿ ಕೂತ್ಕೊಂಡು ಮೊಣಕೈ ಪ್ಯಾಡ್ ಮೇಲೆ ಮಲಗಿದ್ರೆ ಎದೆ ತೊಡೆ ಹತ್ರ ಬಂದ್ಬಿಡತ್ತೆ, ಸೊಂಟದ ಸಂದಿ ಮುಚ್ಚಿಕೊಳ್ಳತ್ತೆ, ಪ್ರತಿ ಸಲ ಪೆಡಲ್ ಮೇಲೆ ಬಂದಾಗ ತೊಡೆ ಹೊಟ್ಟೆಗೆ ಒತ್ತತ್ತೆ, ಉಸಿರೂ ಪೂರ್ತಿ ತಗೊಳ್ಳೋಕಾಗಲ್ಲ. ದೇಹ ಏನು ಮಾಡತ್ತೆ? ಸೊಂಟ ಹಿಂದಕ್ಕೆ ಮಡಚಿ ಬೆನ್ನು ಗೂನು ಮಾಡ್ಕೊಳ್ಳತ್ತೆ, ಇಲ್ಲ ಸೀಟಿನ ತುದಿಗೆ ಜಾರತ್ತೆ. ನಿಮ್ಮ ಜೋಮು, ಕುತ್ತಿಗೆ, ಕಾಲು ಕಟ್ಟಿಗೆ ಆಗೋದು ಎಲ್ಲ ಶುರುವಾಗೋದು ಇಲ್ಲಿಂದ.

ಇದಕ್ಕೆ ಉತ್ತರ 80ರ ದಶಕದಲ್ಲೇ ಸಿಕ್ಕಿತ್ತು. ಏರೋಬಾರ್ ಅಂದ್ರೆ ಎಲ್ರೂ ನೆನೆಸ್ಕೊಳ್ಳೋದು 1989ರ ಟೂರ್ ಡಿ ಫ್ರಾನ್ಸ್ ಸೈಕಲ್ ರೇಸ್, ಕೊನೇ ದಿನ ಒಬ್ಬೊಬ್ಬರನ್ನೇ ಬಿಟ್ಟು ಸಮಯ ಅಳೆಯೋ 24.5 ಕಿ.ಮೀ. ಟೈಮ್ ಟ್ರಯಲ್‌ಗೆ ಮುಂಚೆ ಅಮೆರಿಕದ ಗ್ರೆಗ್ ಲೆಮಾಂಡ್ 50 ಸೆಕೆಂಡ್ ಹಿಂದಿದ್ದ, ಏರೋಬಾರ್ ಹಾಕ್ಕೊಂಡು ಹೋಗಿ ಲೊರಾಂ ಫಿನ್ಯೋನ್‌ನ ಬರೀ 8 ಸೆಕೆಂಡಲ್ಲಿ ಹಿಂದೆ ಹಾಕಿ ಇಡೀ ಟೂರ್ ಗೆದ್ದ. ಆದ್ರೆ ಅದಕ್ಕೂ ಮುಂಚೆ ಅಮೆರಿಕದ ಟ್ರಯತ್ಲೀಟ್‌ಗಳು ಅದನ್ನ ಹಾಕ್ಕೊಂಡು ಓಡಿಸ್ತಾ ಇದ್ರು, ಅಷ್ಟೇ ಅಲ್ಲ, ಡ್ಯಾನ್ ಎಂಪ್‌ಫೀಲ್ಡ್ ಅನ್ನೋ ಕ್ಯಾಲಿಫೋರ್ನಿಯಾದವರು ಕ್ವಿಂಟಾನಾ ರೂ ಅನ್ನೋ ಕಂಪನಿ ಹೆಸರಲ್ಲಿ ಸೀಟನ್ನೇ ಮುಂದಕ್ಕೆ ತಂದ, ಹತ್ತಿರ ಹತ್ತಿರ 80 ಡಿಗ್ರಿ ಕೋನದ ಬೈಕ್ ಮಾಡಿದ್ರು. ಬೆನ್ನು ತಗ್ಗಬೇಕಂದ್ರೆ ಬರೀ ಬೆನ್ನು ಬಗ್ಗಿಸಬೇಡ, ಪೆಡಲ್ ತಿರುಗೋ ನಡುಭಾಗ ಇದ್ಯಲ್ಲ ಅದನ್ನ ಗೂಟ ಅಂದ್ಕೊಂಡು ಇಡೀ ಮನುಷ್ಯನ್ನೇ ಮುಂದಕ್ಕೆ ಉರುಳಿಸು, ಅದು ಅವರ ಲೆಕ್ಕ. ಗಡಿಯಾರದ ಮುಳ್ಳು ಒಂದೆರಡು ನಿಮಿಷ ಮುಂದೆ ಹೋದಂಗೆ. ಆಗ ಸೊಂಟದ ಕೋನ ರೋಡ್ ಬೈಕಲ್ಲಿ ಇದ್ದಷ್ಟೇ ಉಳಿಯತ್ತೆ, ಬೆನ್ನು ಮಾತ್ರ ತಗ್ಗತ್ತೆ. ನಿಮ್ಮ ರೋಡ್ ಬೈಕಲ್ಲಿ 80 ಬರಲ್ಲ, ಆದ್ರೆ 76ರ ಹತ್ರ ಬರತ್ತೆ, ಅದು ಸಾಕು.

ಇನ್ನು ಕೆಲಸಕ್ಕೆ ಬರೋಣ. ಕ್ಲೀಟ್ (ಪೆಡಲ್ ಜೊತೆ ಸಿಕ್ಕಿಕೊಳ್ಳೋ ಕೊಕ್ಕೆ) ಇರೋ ಶೂ ಹಾಕ್ತೀರಾದ್ರೆ ಮೊದಲು ಕ್ಲೀಟ್‌ನ ಹೆಬ್ಬೆರಳ ಬುಡದ ಉಬ್ಬಿಗಿಂತ ಸ್ವಲ್ಪ ಹಿಂದೆ ಇಡಿ, ಹಿಮ್ಮಡಿ ಕಡೆಗೆ. ಅದನ್ನ ಮಾಡದೇ ಸೀಟು ಅಳೆದ್ರೆ ಮತ್ತೆ ಅಳೀಬೇಕಾಗತ್ತೆ.

ಈಗ ಸೀಟಿನ ಎತ್ತರ. ಕಾಲು ನೆಲಕ್ಕೆ ತಾಗಬೇಕು ಅನ್ನೋದು ನಮ್ಮಲ್ಲಿ ಬಾಡಿಗೆ ಸೈಕಲ್ ಕಾಲದಿಂದ ಬಂದಿರೋ ಅಭ್ಯಾಸ, ಅಂಗಡಿಯವ್ರನ್ನ ಬೈಯೋಕಾಗಲ್ಲ, ಬೀಳಬಾರ್ದು ಅಂತ ಒಳ್ಳೇ ಮನಸ್ಸಿಂದಲೇ ಮಾಡ್ತಾರೆ. ಆದ್ರೆ ರೋಡ್ ಬೈಕಲ್ಲಿ ನಿಲ್ಲಿಸೋವಾಗ ಸೀಟಿಂದ ಮುಂದಕ್ಕೆ ಇಳಿದು ನಿಲ್ಲೋದು, ಸೀಟ್ ಮೇಲೆ ಕೂತೇ ಕಾಲೂರೋದಲ್ಲ. ಕೂತಲ್ಲಿಂದ ಪಾದ ಪೂರ್ತಿ ನೆಲಕ್ಕೆ ತಾಗ್ತಿದೆ ಅಂದ್ರೆ ಸೀಟು ತಗ್ಗು ಅಂತಲೇ ಅರ್ಥ.

ಲೆಕ್ಕ ಎರಡು ಥರ ಇದೆ. ಒಂದು ಲೆಮಾಂಡ್ ಹೆಸರಲ್ಲೇ ಪ್ರಸಿದ್ಧವಾದದ್ದು, ಒಳಗಾಲಿನ ಅಳತೇನ 0.883 ರಿಂದ ಗುಣಿಸಿದ್ರೆ ಪೆಡಲ್ ತಿರುಗೋ ನಡುವಿಂದ ಸೀಟಿನ ತಲೆವರೆಗಿನ ಎತ್ತರ, ನಿಮಗೆ 65.3 ಸೆಂ.ಮೀ. ಇನ್ನೊಂದು, ಒಳಗಾಲಿನ 109 ಪರ್ಸೆಂಟ್, ಇದು ಕೆಳಗಿರೋ ಪೆಡಲ್‌ನ ಅಚ್ಚಿಂದ ಸೀಟಿನ ತಲೆವರೆಗೆ, ನಿಮಗೆ 80.7, ಅದರಲ್ಲಿ ಕ್ರ್ಯಾಂಕ್ 17 ಕಳೆದ್ರೆ 63.7. ನೋಡಿ ಎರಡರ ನಡುವೆ ಒಂದೂವರೆ ಸೆಂ.ಮೀ.ಗಿಂತ ಜಾಸ್ತಿ ವ್ಯತ್ಯಾಸ. ಉದ್ದ ಕಾಲಿನ ಗಂಡಸರಿಗೆ ಲೆಕ್ಕ ಹಾಕಿದಾಗ ಇವೆರಡೂ ಹೆಚ್ಚುಕಮ್ಮಿ ಒಂದೇ ಬರತ್ತೆ, ಕಾಲು ಚಿಕ್ಕದಾದಂತೆ ದೂರ ಆಗತ್ತೆ, ಯಾಕಂದ್ರೆ ಮೊದಲನೇ ಲೆಕ್ಕಕ್ಕೆ ನಿಮ್ಮ ಕ್ರ್ಯಾಂಕ್ ಎಷ್ಟುದ್ದ ಅಂತ ಗೊತ್ತೇ ಇಲ್ಲ. ಹಾಗಾಗಿ ನಮ್ಮಂಥ ಗಿಡ್ಡ ಜನಕ್ಕೆ ನಾನು ಎರಡನೇದನ್ನೇ ನಂಬ್ತೀನಿ. ನಿಮಗೆ 64 ಅಂತ ಇಟ್ಕೊಳ್ಳಿ. ಅಂದ್ರೆ ಈಗ ಪೂರ್ತಿ 3 ಸೆಂ.ಮೀ. ಕೆಳಗೆ ಕೂತಿದೀರ, ಮೊಣಕಾಲ ಚಿಪ್ಪಿನ ಮುಂದೆ ನೋವು ಅಂದಾಗಲೇ ಅನುಮಾನ ಬಂದಿತ್ತು, ಸೀಟು ತಗ್ಗಿದ್ರೆ ಮುಂದೆ ನೋವು, ಎತ್ತರ ಆದ್ರೆ ಮೊಣಕಾಲ ಹಿಂದಿನ ಕುಳಿಲಿ ನೋವು, ಇದು ಬಹಳ ಸಲ ನಿಜ ಆಗತ್ತೆ. ಒಳಗಾಲು ಅಳೆದಿದ್ದು ಸರಿ ಇದ್ಯಾ ಅಂತ ಇನ್ನೊಂದ್ಸಲ ನೋಡಿ: ಬರಿಗಾಲಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಂತು, ದಪ್ಪ ರಟ್ಟಿನ ಪುಸ್ತಕವನ್ನ ತೊಡೆಸಂದಿಗೆ ಸೀಟಿನ ಥರ ಒತ್ತಿ ಹಿಡಿದು, ಬೇರೆಯವರ ಕೈಲಿ ಅಳೆಸಬೇಕು. ಪ್ಯಾಂಟಿನ ಅಳತೆ ಹೇಳಿದ್ರೆ ಆಗಲ್ಲ.

ಒಂದೇ ದಿನ 3 ಸೆಂ.ಮೀ. ಏರಿಸಬೇಡಿ ಮತ್ತೆ. ಐದು ಮಿ.ಮೀ. ಏರಿಸಿ, ಮೂರ್ನಾಲ್ಕು ರೈಡ್ ಮಾಡಿ, ಮತ್ತೆ ಐದು. ಮೂರು ತಿಂಗಳಿದೆ, ಆತುರ ಇಲ್ಲ. ಏರಿಸ್ತಾ ಏರಿಸ್ತಾ ಸೊಂಟ ಎಡಕ್ಕೂ ಬಲಕ್ಕೂ ತೂಗಾಡೋಕೆ ಶುರುವಾದ್ರೆ ಅಲ್ಲಿ ನಿಲ್ಲಿಸಿ ಸ್ವಲ್ಪ ಇಳಿಸಿ, ಲೆಕ್ಕ ಏನಾದ್ರೂ ಹೇಳ್ಲಿ.

ಎತ್ತರದ ಜೊತೆಗೇ ಮುಂದಕ್ಕೆ. ಸೀಟಿನ ಕೆಳಗಿನ ಕಂಬಿ ಸಡಿಲ ಮಾಡಿ ಸೀಟನ್ನ ಮುಂದೆ ತಳ್ಳಿ. ನಿಮ್ಮ ಎತ್ತರಕ್ಕೆ ಸೀಟು ಒಂದು ಸೆಂ.ಮೀ.ಗಿಂತ ಸ್ವಲ್ಪ ಜಾಸ್ತಿ ಮುಂದೆ ಹೋದ್ರೆ ಕೋನ ಒಂದು ಡಿಗ್ರಿ ಏರತ್ತೆ, ಅಂದ್ರೆ 3 ಸೆಂ.ಮೀ. ತಳ್ಳಿದ್ರೆ ಎರಡೂವರೆ ಡಿಗ್ರಿ ಮೇಲೆ ಸಿಗತ್ತೆ. ಕಂಬಿ ಮೇಲೆ ಗುರುತು ಮಾಡಿರ್ತಾರೆ, ಆ ಗೆರೆ ದಾಟಿಸಬೇಡಿ. ಸಾಕಾಗ್ಲಿಲ್ಲ ಅಂದ್ರೆ ಹಿಂದಕ್ಕೆ ಬಾಗಿರೋ ಸೀಟ್‌ಪೋಸ್ಟ್ ಬದಲು ನೇರ ಸೀಟ್‌ಪೋಸ್ಟ್ ಹಾಕಿಸಿ, ಬೈಕ್ ಬೆಲೆ ಮುಂದೆ ಅದೇನೂ ಖರ್ಚಲ್ಲ. ಒಂದು ವಿಷಯ ತುಂಬಾ ಜನ ಮರೀತಾರೆ, ಸೀಟು ಮುಂದೆ ಬಂದ್ರೆ ಪೆಡಲ್‌ಗೆ ಹತ್ರ ಆಗತ್ತೆ, ಹಾಗಾಗಿ ಪ್ರತಿ 3 ಸೆಂ.ಮೀ.ಗೆ ಸುಮಾರು 9 ಮಿ.ಮೀ. ಮೇಲೆತ್ತಬೇಕು, ಇಲ್ಲಾಂದ್ರೆ ಮೊಣಕಾಲ ನೋವು ವಾಪಸ್. ಟೇಪ್ ಹಿಡಿದು 64 ಬರೋ ಹಂಗೆ ನೋಡ್ಕೊಂಡ್ರೆ ಲೆಕ್ಕನೇ ಬೇಡ.

ರೋಡ್ ಬೈಕ್ ಗೊತ್ತಿರೋ ಗೆಳೆಯರು ನೋಡಿ ತಪ್ಪು ಅಂತಾರೆ. ಪೆಡಲ್ ಮೂರು ಗಂಟೆ ಜಾಗದಲ್ಲಿದ್ದಾಗ ಮೊಣಕಾಲಿಂದ ತೂಗುಗುಂಡು ಬಿಟ್ರೆ ಪೆಡಲ್ ಅಚ್ಚಿನ ಮೇಲೆ ಬರಬೇಕು ಅಂತ ಹಳೇ ಪಾಠ ಒಂದಿದೆ, ನಿಮ್ದು ಅದಕ್ಕಿಂತ ಮುಂದೆ ಬರತ್ತೆ. ಬರ್ಲಿ. ಆ ಪಾಠ ಏರೋಬಾರ್ ಮೇಲೆ ಮಲಗೋರಿಗಲ್ಲ.

ಇನ್ನು ಜೋಮಿನ ವಿಷಯ. ನೀವು ಮುಂದಿನ ಭಾಗ ಅಂತ ಅರ್ಧ ಹೇಳಿ ಬಿಟ್ಟಿದೀರ, ಅಂಗಡಿಲಿ ಅದನ್ನೂ ಹೇಳಿರಲ್ಲ ಅಂತ ಗೊತ್ತು, ನಾನೂ ಹೆಂಗಸೇ, ನನ್ನ ಮೊದಲ ಎರಡು ವರ್ಷ ಯಾರ ಹತ್ರನೂ ಹೇಳದೇ ಎರಡೆರಡು ಚಡ್ಡಿ ಹಾಕ್ಕೊಂಡು ಓಡಿಸಿದೋಳು (ಅದರಿಂದ ಇನ್ನೂ ಹಾಳಾಯ್ತು, ಹೊಲಿಗೆ ಉಜ್ಜಿ ಗಾಯ). ನೆಟ್ಟಗೆ ಕೂತಾಗ ಭಾರ ಹಿಂದಿನ ಕೂರೋ ಮೂಳೆಗಳ ಮೇಲಿರತ್ತೆ, ಏರೋಬಾರ್ ಮೇಲೆ ಮಲಗಿದಾಗ ಸೊಂಟ ಮುಂದಕ್ಕೆ ಉರುಳಿ ಭಾರ ಮೆತ್ತನೇ ಜಾಗಕ್ಕೆ, ಅಲ್ಲಿನ ನರ ಮತ್ತೆ ರಕ್ತನಾಳಗಳ ಮೇಲೆ ಬರತ್ತೆ. ಮಾಮೂಲಿ ಸೀಟಿನ ಚೂಪು ಮೂಗು ಸರಿಯಾಗಿ ಅಲ್ಲೇ ಒತ್ತತ್ತೆ. ಇದನ್ನ ಸಹಿಸ್ಕೊಂಡು ಅಭ್ಯಾಸ ಮಾಡ್ಕೊಳ್ಳೋದು ಅಂತ ಯಾರಾದ್ರೂ ಹೇಳಿದ್ರೆ ಕೇಳಬೇಡಿ, ಜೋಮು ಅಂದ್ರೆ ಅಲ್ಲಿ ಒತ್ತಡ ಜಾಸ್ತಿ ಆಗಿದೆ ಅಂತ ದೇಹ ಹೇಳ್ತಿದೆ, ಬೈಕಿಂದ ಇಳಿದ್ಮೇಲೂ ತುಂಬಾ ಹೊತ್ತು ಉಳಿದ್ರೆ ಡಾಕ್ಟರ್‌ನ ನೋಡಬೇಕು.

ದುಡ್ಡು ಹಾಕೋದಿದ್ರೆ ಇಲ್ಲಿ ಹಾಕಿ. ಮೂಗು ಎರಡಾಗಿ ಸೀಳಿರೋ, ಮೊಂಡಾದ ಟ್ರಯತ್ಲಾನ್ ಸೀಟು ಬರತ್ತೆ, ಐಎಸ್‌ಎಂನಂಥ ಕಂಪನಿಯವರದ್ದು, ಭಾರನ ಎರಡೂ ಪಕ್ಕದ ಮೂಳೆ ಮೇಲೆ ಹಂಚಿ ಮಧ್ಯ ಖಾಲಿ ಬಿಡತ್ತೆ. ಮೊದಲ ವಾರ ಕಂಬದ ಮೇಲೆ ಕೂತಂಗೆ ಅನ್ಸತ್ತೆ, ಎರಡು ವಾರ ಕೊಟ್ಟು ನೋಡಿ. ಕೊಳ್ಳೋಕೆ ಮುಂಚೆ ಯಾರದ್ದಾದ್ರೂ ಎರವಲು ಸಿಕ್ರೆ ಒಳ್ಳೇದು, ಸೀಟಿನ ವಿಷಯದಲ್ಲಿ ಒಬ್ರಿಗೆ ಸ್ವರ್ಗ ಆದದ್ದು ಇನ್ನೊಬ್ರಿಗೆ ನರಕ. ಸೀಟಿನ ಮೂಗನ್ನ ಒಂದೆರಡು ಡಿಗ್ರಿ ಕೆಳಗೆ ಬಾಗಿಸಬಹುದು, ರಸಮಟ್ಟ ಇಟ್ಟು ನೋಡಿ, ಫೋನಲ್ಲೂ ಅಳೆಯೋ ಆ್ಯಪ್ ಇರತ್ತೆ. ಜಾಸ್ತಿ ಬಾಗಿಸಿದ್ರೆ ಮುಂದಕ್ಕೆ ಜಾರ್ತೀರ, ಜಾರದಿರೋಕೆ ಭುಜದಿಂದ ತಳ್ತೀರ, ಸಂಜೆ ಹೊತ್ತಿಗೆ ಕುತ್ತಿಗೆ ಹಿಡ್ಕೊಳ್ಳತ್ತೆ. ಕುತ್ತಿಗೆ ನೋವಿಗೆ ಕಾರಣ ಸೀಟಲ್ಲಿ ಇರಬಹುದು ಅಂತ ಯಾರಿಗೂ ಹೊಳೆಯಲ್ಲ.

ಕ್ರ್ಯಾಂಕ್ ಬಗ್ಗೆ ನೀವು ಕೇಳಿಲ್ಲ, ಆದ್ರೂ ಹೇಳ್ತೀನಿ. ನಿಮ್ಮ ಕಾಲಿಗೆ 170 ಉದ್ದ ಆಯ್ತು. ಟೂರ್ ಡಿ ಫ್ರಾನ್ಸ್ ಗೆದ್ದಿರೋ, 176 ಸೆಂ.ಮೀ. ಎತ್ತರದ ಪೊಗಾಚರ್ ಈಗ 165 ಹಾಕ್ತಾನೆ, ನೀವು ಅವನಿಗಿಂತ ಅರ್ಧ ಅಡಿ ಗಿಡ್ಡ. 160ಕ್ಕೆ ಇಳಿಸಿದ್ರೆ ಸೀಟು ಇನ್ನೊಂದು ಸೆಂ.ಮೀ. ಏರಿಸಬಹುದು, ಪೆಡಲ್ ಮೇಲೆ ಬರೋವಾಗ ಒಂದು ಸೆಂ.ಮೀ. ಕೆಳಗೇ ಉಳಿಯತ್ತೆ, ಒಟ್ಟು ಎರಡು ಸೆಂ.ಮೀ. ಜಾಗ ತೊಡೆಗೂ ಹೊಟ್ಟೆಗೂ ನಡುವೆ ಸಿಗತ್ತೆ. ಶಕ್ತಿ ಕಮ್ಮಿ ಆಗಲ್ವಾ ಅಂತ ಎಲ್ರೂ ಕೇಳ್ತಾರೆ, ಹಗುರ ಗೇರಲ್ಲಿ ಸ್ವಲ್ಪ ಬೇಗ ತುಳೀತೀರ ಅಷ್ಟೇ. ಈಗ ದುಡ್ಡಿಲ್ಲಾಂದ್ರೆ ಮುಂದಿನ ವರ್ಷ ಮಾಡಿ, ಸೀಟು ಮೊದಲು.

ಹ್ಯಾಂಡಲ್‌ಗೆ ಈಗ ಬಂದ್ವಿ, ಇಷ್ಟು ಹೊತ್ತಾದ್ಮೇಲೆ. ಎತ್ತರಕ್ಕೆ 3 ಸೆಂ.ಮೀ., ಮುಂದೆ ತಳ್ಳಿದ್ದಕ್ಕೆ 9 ಮಿ.ಮೀ., ಎರಡೂ ಸೇರಿ ಸೀಟು ಸುಮಾರು 4 ಸೆಂ.ಮೀ. ಏರಿತು ಅಂದ್ರೆ ಹ್ಯಾಂಡಲ್ ತನ್ನಷ್ಟಕ್ಕೆ 4 ಸೆಂ.ಮೀ. ತಗ್ಗಿದಂಗೆ ಆಯ್ತಲ್ಲ? ಅದಕ್ಕೇ ಅಂಗಡಿಯವ್ರು ತೆಗೆದ ಸ್ಪೇಸರ್ ಎಲ್ಲ ವಾಪಸ್ ಹಾಕಿಸಿ. ಫೋರ್ಕಿನ ಕೊಳವೆನೂ ಕತ್ತರಿಸಿಬಿಟ್ಟಿದ್ರೆ ಮೇಲ್ಮುಖದ ಸ್ಟೆಮ್ (ಹ್ಯಾಂಡಲ್ ಹಿಡಿದಿರೋ ತುಂಡು), ಇಲ್ಲಾಂದ್ರೆ ಏರೋಬಾರ್ ಪ್ಯಾಡ್ ಕೆಳಗೆ ಹಾಕೋ ಎತ್ತರದ ಬಿಲ್ಲೆಗಳು ಸಿಗತ್ತೆ. ಶುರುವಿಗೆ ಮೊಣಕೈ ಪ್ಯಾಡ್ ಸೀಟಿಗಿಂತ ಮೂರ್ನಾಲ್ಕು ಸೆಂ.ಮೀ. ಕೆಳಗಿದ್ರೆ ಬೇಕಾದಷ್ಟಾಯ್ತು.

ಪ್ಯಾಡ್ ಎಷ್ಟು ದೂರ ಅನ್ನೋದು ಎತ್ತರಕ್ಕಿಂತ ಮುಖ್ಯ. ರೋಡ್ ಬೈಕಿನ ಹ್ಯಾಂಡಲ್ ಇರೋದು ಅಂಗೈಗೆ ಎಟುಕೋ ದೂರದಲ್ಲಿ, ಅದೇ ಜಾಗದಲ್ಲಿ ಮೊಣಕೈ ಇಡು ಅಂದ್ರೆ ನೀವು ಈಜೋ ಥರ ಚಾಚಿಕೊಳ್ತೀರ, ಕುತ್ತಿಗೆ ಹಿಂದೆ ಸುಕ್ಕುಗಟ್ಟತ್ತೆ. ತೋಳಿಗೂ ಎದೆ ಪಕ್ಕೆಗೂ ನಡುವೆ ಸುಮಾರು 90 ಡಿಗ್ರಿ ಇರಬೇಕು, ಮೊಣಕೈ ಹೆಚ್ಚುಕಮ್ಮಿ ಕಿವಿ ನೇರಕ್ಕೆ ಕೆಳಗೆ, ಭಾರ ಮೂಳೆ ಮೇಲೆ ನಿಲ್ಲಬೇಕು, ಮಾಂಸಖಂಡ ಹಿಡ್ಕೊಂಡಿರಬಾರ್ದು. ಸೀಟು ಮುಂದೆ ಬಂದಿದ್ದರಿಂದ ಅರ್ಧ ಕೆಲಸ ಆಗಿರತ್ತೆ, ಬಾಕಿಗೆ ಪ್ಯಾಡ್‌ನ ಹ್ಯಾಂಡಲ್‌ಗಿಂತ ಹಿಂದಕ್ಕೆ ಕೂರಿಸೋ ತೂತುಗಳಿದ್ರೆ ಬಳಸಿ, ಇಲ್ಲ ಸ್ಟೆಮ್ ಒಂದೆರಡು ಸೈಜ್ ಚಿಕ್ಕದು ಹಾಕಿ. ತುಂಬಾ ಚಿಕ್ಕ ಸ್ಟೆಮ್ ಹಾಕಿದ್ರೆ ಬೈಕ್ ಚುರುಕಾಗಿ ಅಲ್ಲಾಡತ್ತೆ, ಅದೂ ಮುಂದೆ ಭಾರ ಇರೋವಾಗ. ಪ್ಯಾಡ್ ಅಗಲ ಇರ್ಲಿ, ಉಸಿರಾಡೋಕೆ ಆಗ್ಲಿ, ಕೈ ಜೋಡಿಸೋ ಫೋಟೋ ನೋಡಿ ಮರುಳಾಗಬೇಡಿ. ಏರೋಬಾರ್ ತುದಿ ಸ್ವಲ್ಪ ಮೇಲ್ಮುಖ ಇದ್ರೆ ಮುಂಗೈ ಆರಾಮ.

ತಗ್ಗಿಲ್ಲ ಅಂದ್ರೆ ವೇಗ ಹೋಯ್ತು ಅಂತ ಬೇಜಾರು ಮಾಡ್ಕೋಬೇಡಿ. ಸಮತಟ್ಟು ರಸ್ತೆಲಿ ಗಂಟೆಗೆ 30 ಕಿ.ಮೀ.ಲಿ ಹೋಗೋವಾಗ ಶಕ್ತಿಯ ಬಹುಪಾಲು ಗಾಳಿ ಸೀಳೋಕೇ ಖರ್ಚಾಗೋದು, ಆ ಗಾಳಿ ತಡೆಯೋದ್ರಲ್ಲಿ ಹೆಚ್ಚುಕಮ್ಮಿ ಮುಕ್ಕಾಲು ಪಾಲು ನಿಮ್ಮ ಮೈದು, ಬೈಕಿಂದಲ್ಲ, ಅದು ನಿಜ. ಆದ್ರೆ ಗೋವಾದಲ್ಲಿ 90 ಕಿ.ಮೀ., ನಿಮ್ಮ ಮಟ್ಟಕ್ಕೆ ಮೂರೂವರೆ ನಾಲ್ಕು ಗಂಟೆ, ಮುಂದಿನವರ ಬೆನ್ನಿಗೆ ಅಂಟ್ಕೊಂಡು ಹೋಗೋಕೂ ಬಿಡಲ್ಲ, 12 ಮೀಟರ್ ಬಿಡಬೇಕು. ತೀರಾ ತಗ್ಗಿದ ಹ್ಯಾಂಡಲ್‌ನಲ್ಲಿ ಐದು ನಿಮಿಷ ಮಲಗಿ ಹತ್ತು ನಿಮಿಷ ಎದ್ದು ಕೂರೋರಿಗಿಂತ ನಾಲ್ಕು ಸೆಂ.ಮೀ. ಎತ್ತರದಲ್ಲಿ ಮೂರು ಗಂಟೆ ಅಲ್ಲಾಡದೇ ಇರೋರು ಮುಂದೆ ಹೋಗ್ತಾರೆ, ಪ್ರತಿ ವರ್ಷ ನೋಡ್ತೀನಿ.

ಸರಿಯಾಗಿದ್ಯಾ ಅಂತ ಮನೇಲೇ ನೋಡೋಕೆ ಬೈಕ್‌ನ ಟ್ರೈನರ್ (ನಿಂತಲ್ಲೇ ತುಳಿಯೋಕೆ ಬೈಕ್ ಹಿಡಿದಿರೋ ಸ್ಟ್ಯಾಂಡ್) ಮೇಲೆ ಹಾಕಿ, ಮುಂದಿನ ಚಕ್ರಕ್ಕೆ ಮಣೆ ಕೊಟ್ಟು ರಸಮಟ್ಟಕ್ಕೆ ತನ್ನಿ. ಫೋನ್‌ನ ಮೂರು ಮೀಟರ್ ದೂರ, ಸೊಂಟದ ಎತ್ತರಕ್ಕೆ, ಪಕ್ಕದಿಂದ ನೇರವಾಗಿ ಇಟ್ಟು ಸ್ಲೋ ಮೋಷನ್ ವಿಡಿಯೋ ತೆಗೀರಿ. ಆದ್ರೆ ಹತ್ತಿದ ಕೂಡ್ಲೆ ತೆಗೀಬೇಡಿ, ಆಗ ಎಲ್ರೂ ಮದುಮಗಳ ಥರ ನೆಟ್ಟಗೆ ಕೂತಿರ್ತಾರೆ, ಇಪ್ಪತ್ತು ನಿಮಿಷ ಬೆವರು ಬರೋ ಹಂಗೆ ತುಳಿದು ಕ್ಯಾಮೆರಾ ಮರೆತ ಮೇಲೆ ತೆಗೀರಿ. ಪಾದದ ಗಂಟು, ಮೊಣಕಾಲ ಹೊರಗಿನ ಉಬ್ಬು, ಸೊಂಟದ ಪಕ್ಕದ ಮೂಳೆ, ಭುಜ ಇಷ್ಟಕ್ಕೂ ಬಿಂದಿ ಅಂಟಿಸ್ಕೊಳ್ಳಿ, ಚೆನ್ನಾಗಿ ಕಾಣತ್ತೆ. ಪೆಡಲ್ ಕೆಳಗಿದ್ದಾಗ ಮೊಣಕಾಲು ನೆಟ್ಟಗಿನ ಗೆರೆಯಿಂದ 35ರಿಂದ 40 ಡಿಗ್ರಿ ಮಡಚಿರಬೇಕು. ಭುಜ, ಸೊಂಟ, ಪೆಡಲ್ ತಿರುಗೋ ನಡುಭಾಗ, ಈ ಮೂರು ಸೇರಿಸಿದ ಕೋನ 100 ಡಿಗ್ರಿ ಆಸುಪಾಸು. 90ರ ಕೆಳಗಿದ್ರೆ ಮುಂಭಾಗ ಇನ್ನೂ ಎತ್ತಿ.

ಓಡೋವಾಗ ಕಾಲು ಕಟ್ಟಿಗೆ ಆಗೋದು ಸೊಂಟ ತೆರೆದುಕೊಂಡ್ರೆ ಖಂಡಿತ ಕಮ್ಮಿ ಆಗತ್ತೆ. ಸೀಟು ಮುಂದಿದ್ರೆ ತೊಡೆ ಹಿಂದಿನ ಸ್ನಾಯು ಓಟಕ್ಕೆ ಉಳಿಯತ್ತೆ ಅಂತಾನೂ ಹೇಳ್ತಾರೆ, ಅದನ್ನ ನಾನು ಅರ್ಧ ಮಾತ್ರ ನಂಬ್ತೀನಿ. ಮೊದಲ ಒಂದು ಕಿ.ಮೀ. ಯಾರಿಗಾದ್ರೂ ಕಾಲು ಬೇರೆಯವರದ್ದು ಅನ್ಸೋದೇ, ವಾರಕ್ಕೊಂದ್ಸಲ ರೈಡ್ ಮುಗಿದ ತಕ್ಷಣ ಹದಿನೈದು ನಿಮಿಷ ಓಡಿ ರೂಢಿ ಮಾಡ್ಕೊಳ್ಳಿ.

ಹೊಸ ಜಾಗಕ್ಕೆ ಕುತ್ತಿಗೆ ಹೊಂದೋಕೆ ಸಮಯ ಬೇಕು, ಟ್ರೈನರ್ ಮೇಲೆ ಹತ್ತು ನಿಮಿಷದಿಂದ ಶುರು ಮಾಡಿ ಏರಿಸ್ತಾ ಹೋಗಿ. ರಸ್ತೇಲಿ ಏರೋಬಾರ್ ಮೇಲಿದ್ದಾಗ ಬ್ರೇಕ್ ಕೈಗೆ ಸಿಗಲ್ಲ ಅನ್ನೋದು ನೆನಪಿರ್ಲಿ, ಹುಬ್ಬಳ್ಳಿ ಧಾರವಾಡ ಬೈಪಾಸಲ್ಲಿ ಲಾರಿಗಳ ನಡುವೆ ಅದರ ಮೇಲೆ ಮಲಗೋ ಸಾಹಸ ಬೇಡ, ಬೆಳಗಿನ ಜಾವ ಖಾಲಿ ರಸ್ತೆ, ದನ ನಾಯಿ ಕಾಣದ ಜಾಗ ನೋಡ್ಕೊಳ್ಳಿ. ಮಲಗಿದಂಗೇ ನೀರು ಕುಡಿಯೋದೂ ಕಲೀಬೇಕು, ಬಾಟಲಿನ ಎರಡು ಕೈ ನಡುವೆ ಕಟ್ಕೊಳ್ಳಿ, ಗೋವಾ ಸೆಕೆಗೆ ಬಗ್ಗಿ ಬಗ್ಗಿ ತೆಗೆಯೋ ಬೇಜಾರಿಗೆ ಜನ ನೀರೇ ಬಿಡ್ತಾರೆ. ರೇಸಿಗೆ ಎರಡು ವಾರ ಇರೋವಾಗ ಅಲನ್ ಕೀ ಎತ್ತಿಡಿ, ಆಮೇಲೆ ಏನೂ ಬದಲಾಯಿಸಬೇಡಿ.

ಬೋಲ್ಟ್ ಬಿಗಿಯೋವಾಗ ಟಾರ್ಕ್ ವ್ರೆಂಚ್ ಬಳಸೋರ ಹತ್ರ ಬಿಗಿಸಿ, ಸ್ಟೆಮ್ ಮೇಲೆ ಎಷ್ಟು ನ್ಯೂಟನ್ ಮೀಟರ್ ಅಂತ ಬರೆದಿರತ್ತೆ, ಸಾಮಾನ್ಯವಾಗಿ 5ರ ಆಸುಪಾಸು. ನಿಮ್ಮ ಹ್ಯಾಂಡಲ್ ಕಾರ್ಬನ್ ಆಗಿದ್ರೆ ಏರೋಬಾರ್ ಕ್ಲ್ಯಾಂಪ್ ಹಾಕೋಕೆ ಕಂಪನಿ ಒಪ್ಪತ್ತಾ ಅಂತ ಮೊದಲು ನೋಡಿ, ಎಲ್ಲ ಕಾರ್ಬನ್ ಹ್ಯಾಂಡಲ್ ತಡ್ಕೊಳ್ಳಲ್ಲ. ಸೀಟ್‌ಪೋಸ್ಟ್ ಮೇಲೆತ್ತೋವಾಗ ಕನಿಷ್ಠ ಇಷ್ಟು ಒಳಗಿರಬೇಕು ಅಂತ ಹಾಕಿರೋ ಗೆರೆ ಹೊರಗೆ ಬಂತಾ ನೋಡಿ. ಕೊನೆಗೆ ಎಲ್ಲ ಸರಿಹೋದ್ಮೇಲೆ ಸೀಟ್‌ಪೋಸ್ಟ್ ಫ್ರೇಮಿಗೆ ಸೇರೋ ಜಾಗದಲ್ಲಿ ಕರೀ ಇನ್ಸುಲೇಷನ್ ಟೇಪ್ ಎರಡು ಸುತ್ತು ಸುತ್ತಿ, ಕಂಬಿ ಮೇಲೆ ವೈಟ್ನರ್‌ನಲ್ಲಿ ಗೆರೆ ಹಾಕಿ. ಗೋವಾಕ್ಕೆ ಕಾರಲ್ಲಿ ಒಯ್ಯೋವಾಗ ಹೇಗೂ ಸೀಟು ಬಿಚ್ತೀರ. ನಾನೊಂದ್ಸಲ ಟೇಪ್ ಸುತ್ತದೇ ಹೋಗಿ ರೇಸ್ ಹಿಂದಿನ ರಾತ್ರಿ ಲಾಡ್ಜ್ ಬಲ್ಬಿನ ಬೆಳಕಲ್ಲಿ ಅಂದಾಜಿಗೆ ಸೀಟು ಕೂರಿಸಿದ್ದೆ, ಮನೆಗೆ ಬಂದು ಅಳೆದಾಗ ಒಂದೂವರೆ ಸೆಂ.ಮೀ. ತಗ್ಗಿತ್ತು, ಮೊಣಕಾಲು ಒಂದು ತಿಂಗಳು ಬೈಕೊಂಡು ಕೂತಿತ್ತು.